ವಯಸ್ಸು ಇಪ್ಪತ್ತೆಂಟು, ಕಾರ್ಡ್ ಎಪಿಎಲ್: ದುಡ್ಡು ಕಟ್ಟಿ ಸರ್ಕಾರಿ ಆರೋಗ್ಯ ವಿಮೆಗೆ ಸೇರಲು ಯುವಕರಿಗೆ ದಾರಿ ಇದೆಯಾ?

ಗುಡ್ನಾಪುರ (ಶಿರಸಿ): ಬನವಾಸಿ ಪಕ್ಕದ ಗುಡ್ನಾಪುರದಂಥ ಊರಿನಲ್ಲಿ ಒಂದು ಮನೆ ಅಂದುಕೊಳ್ಳಿ. ಅಜ್ಜನಿಗೆ 72 ವರ್ಷ. ಅಪ್ಪನಿಗೆ 61, ಅಮ್ಮನಿಗೆ 54. ಮಗನಿಗೆ 28. ಒಂದೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಒಂದು ವರ್ಷ ಅನಾನಸ್, ಒಂದು ವರ್ಷ ಶುಂಠಿ. ಮಗ ಬಿಡುವಿದ್ದಾಗ ಗೂಡ್ಸ್ ಗಾಡಿ ಹೊಡೀತಾನೆ. ಮನೆಯಲ್ಲಿರೋದು ಎಪಿಎಲ್ ಕಾರ್ಡ್. ಬಡವರೂ ಅಲ್ಲ, ಶ್ರೀಮಂತರಂತೂ ಅಲ್ಲವೇ ಅಲ್ಲ.

ಈ ಮನೆಯಲ್ಲಿ ಯಾರಾದರೂ ಒಬ್ಬರಿಗೆ ದೊಡ್ಡ ಆಪರೇಷನ್ ಬಂತು ಅಂತಾದರೆ ಬಿಲ್ ಯಾರು ಕಟ್ಟುತ್ತಾರೆ? ಉತ್ತರ ಮನೆಗೊಂದಲ್ಲ, ವಯಸ್ಸಿಗೊಂದು, ಕಾರ್ಡ್‌ಗೊಂದು. ಅಜ್ಜನ ವಯಸ್ಸಿನವರಿಗೆ ಕೇಂದ್ರ ಸರ್ಕಾರ ಒಂದು ಬಾಗಿಲು ತೆರೆದಿದೆ. ಬಿಪಿಎಲ್ ಮನೆಯವರಿಗೆ ಇನ್ನೊಂದು ಬಾಗಿಲಿದೆ. ನಡುವಿನ ಈ 28ರ ಹುಡುಗ "ನಾನು ದುಡ್ಡು ಕಟ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ" ಅಂದರೆ ಸೇರಿಸಿಕೊಳ್ಳುವ ಸರ್ಕಾರಿ ಯೋಜನೆ ಇದೆಯಾ?

ಇದೆ. ಹೆಸರು ಯಶಸ್ವಿನಿ. ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದಿಲ್ಲ, ವರ್ಷಪೂರ್ತಿಯೂ ತೆರೆದಿರಲ್ಲ. ಯುವಕರು ಇದಕ್ಕೆ ಯಾಕೆ ಸೇರಬೇಕು, ಅವರು ಸೇರದಿದ್ದರೆ ಯೋಜನೆಗೇ ಯಾಕೆ ಕಷ್ಟ, ಯಾರು ಹೊರಗೇ ಉಳಿಯುತ್ತಾರೆ ಅನ್ನೋದರ ವಿವರ ಇಲ್ಲಿದೆ.

ಯಾವ ಕಾರ್ಡ್‌ಗೆ ಎಷ್ಟು?

ಮೊದಲು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಕೇಂದ್ರದ ಆಯುಷ್ಮಾನ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಎರಡೂ 2018ರಲ್ಲಿ ಶುರುವಾದವು. ಅದೇ ವರ್ಷ ರಾಜ್ಯದಲ್ಲಿ ಎರಡನ್ನೂ ಒಂದು ಮಾಡಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ. ಅದಕ್ಕೂ ವರ್ಷಕ್ಕೆ 1.5 ಲಕ್ಷ ರೂ. ಮಿತಿ.

ಲೆಕ್ಕ ಹಾಕಿ. ಪ್ಯಾಕೇಜ್ ದರ 1 ಲಕ್ಷ ರೂ. ಇರುವ ಚಿಕಿತ್ಸೆ ಅಂದರೆ ಸರ್ಕಾರದ್ದು 30 ಸಾವಿರ, ಮನೆಯವರದ್ದು 70 ಸಾವಿರ. "ಕಾರ್ಡ್ ಇದೆಯಲ್ಲ, ಎಲ್ಲಾ ಫ್ರೀ" ಅಂತ ಆಸ್ಪತ್ರೆಗೆ ಹೋದ ಎಪಿಎಲ್ ಕುಟುಂಬಗಳು ಬಿಲ್ಲಿಂಗ್ ಕೌಂಟರ್ ಎದುರು ತಬ್ಬಿಬ್ಬಾಗೋದು ಇದಕ್ಕೇ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ವಿಚಾರ ರಾಜ್ಯದಲ್ಲಿ ದೊಡ್ಡ ಗಲಾಟೆಯಾಗಿತ್ತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ರದ್ದಾಗಲ್ಲ ಎಂದು ಸರ್ಕಾರ ಹೇಳಿದ ಮೇಲೆ ಅದು ತಣ್ಣಗಾಯಿತು. ಆಗ ಎಲ್ಲರ ಬಾಯಲ್ಲಿದ್ದದ್ದು ಅಕ್ಕಿಯ ಮಾತು. ಆದರೆ ಬಿಪಿಎಲ್ ಹೋಗಿ ಎಪಿಎಲ್ ಆದರೆ ಅಕ್ಕಿಗಿಂತ ದೊಡ್ಡ ಪೆಟ್ಟು ಬೀಳೋದು ಆಸ್ಪತ್ರೆ ಬಿಲ್ಲಿನಲ್ಲಿ.

ಎರಡನೇದು ವಯಸ್ಸಿನ ಬಾಗಿಲು. 70 ವರ್ಷ ದಾಟಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷ ರೂ.ವರೆಗಿನ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದಿತು. ಇದೇ 'ಆಯುಷ್ಮಾನ್ ವಯ ವಂದನಾ' ಕಾರ್ಡ್. ಶಿರಸಿ ಭಾಗದವರು ಇದರ ನೋಂದಣಿ ಮತ್ತು ಬಳಕೆ ಬಗ್ಗೆ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ, ಇಲ್ಲವೇ 14555 ಸಹಾಯವಾಣಿಯಲ್ಲಿ ವಿಚಾರಿಸಿಯೇ ಹೊರಡುವುದು ಒಳ್ಳೆಯದು.

ಈಗ ಮೇಲಿನ ಮನೆಗೆ ವಾಪಸ್ ಬನ್ನಿ. ಕೇಂದ್ರದ ನಿಯಮದಲ್ಲಿ 72ರ ಅಜ್ಜ ಒಳಗೆ. 61ರ ಅಪ್ಪ ಹೊರಗೆ. ಅವರು ಇನ್ನು ಒಂಬತ್ತು ವರ್ಷ ಕಾಯಬೇಕು. 28ರ ಮಗ ನಲವತ್ತೆರಡು ವರ್ಷ ಕಾಯಬೇಕು. "ಕಾಯಲ್ಲ, ದುಡ್ಡು ಕೊಟ್ಟೇ ಸೇರ್ತೇವೆ" ಅಂದರೂ ಆಯುಷ್ಮಾನ್‌ನಲ್ಲಿ ದುಡ್ಡು ಕಟ್ಟಿ ಸೇರುವ ವ್ಯವಸ್ಥೆಯೇ ಇಲ್ಲ.

ತಿಂಗಳಿಗೆ ಐದು ರೂಪಾಯಿ

ದುಡ್ಡು ಕಟ್ಟಿ ಸೇರುವ ಸರ್ಕಾರಿ ವಿಮೆಗಾಗಿ ದೂರ ಹುಡುಕಬೇಕಿಲ್ಲ. ಕರ್ನಾಟಕದಲ್ಲಿ ಇದು 20 ವರ್ಷಕ್ಕೂ ಹಳೆಯ ಸಂಗತಿ. ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಯೋಜನೆಗೆ 2002ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಚಾಲನೆ ಕೊಟ್ಟರು. ಚಿಕಿತ್ಸೆ ಶುರುವಾದದ್ದು 2003ರ ಜೂನ್ 1ರಿಂದ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಇದರ ಹಿಂದಿನ ಮುಖ್ಯ ತಲೆ.

ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ. ಅದರ ಮೇಲೆ ಸರ್ಕಾರದ ಪಾಲು ಬೇರೆ. ಷರತ್ತು ಒಂದೇ: ಹಳ್ಳಿಯ ಸಹಕಾರ ಸಂಘದ ಸದಸ್ಯರಾಗಿರಬೇಕು. ಸಂಘವೇ ದುಡ್ಡು ಸಂಗ್ರಹಿಸಿ ಕಳಿಸುತ್ತಿತ್ತು. ಏಜೆಂಟ್ ಇಲ್ಲ, ಕಮಿಷನ್ ಇಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ನಿಗದಿತ ದರಕ್ಕೆ ಆಪರೇಷನ್ ಆಗುತ್ತಿತ್ತು, ಒಂದು ಆಪರೇಷನ್‌ಗೆ 1 ಲಕ್ಷ, ವರ್ಷಕ್ಕೆ 2 ಲಕ್ಷ ರೂ.ವರೆಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗಕ್ಕೆ ಈ ವ್ಯವಸ್ಥೆ ಹೇಳಿ ಮಾಡಿಸಿದಂತಿತ್ತು. ಇಲ್ಲಿ ಸೊಸೈಟಿ ಇಲ್ಲದ ಊರು ಹುಡುಕೋದೇ ಕಷ್ಟ. ಬೆಳೆಸಾಲ, ಗೊಬ್ಬರ, ಅಡಿಕೆ ವಿಕ್ರಿ, ಹಾಲು ಎಲ್ಲವೂ ಸಂಘದ ಮೂಲಕವೇ. ಆರೋಗ್ಯ ವಿಮೆಯೂ ಅದೇ ಕೌಂಟರ್‌ಗೆ ಬಂತು.

ಪ್ರೀಮಿಯಂ ಏರಿತು, ಜನ ಇಳಿದರು

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು. ಎರಡನೇ ವರ್ಷ 20 ಲಕ್ಷ ದಾಟಿತು. ಮೂರನೇ ವರ್ಷ, 2005-06ರಲ್ಲಿ, ಪ್ರೀಮಿಯಂ 60ರಿಂದ 120 ರೂಪಾಯಿಗೆ ಏರಿತು. ಸದಸ್ಯರ ಸಂಖ್ಯೆ 14.7 ಲಕ್ಷಕ್ಕೆ ಕುಸಿಯಿತು. ಮುಂದಿನ ವರ್ಷ ಮತ್ತೆ 18 ಲಕ್ಷ ದಾಟಿತು ಅನ್ನೋದು ಬೇರೆ ಮಾತು.

ಇಲ್ಲಿ ಒಂದು ಪಾಠ ಇದೆ. ರೇಟು ಏರಿದಾಗ ಮೊದಲು ಯಾರು ಬಿಡುತ್ತಾರೆ? ಮಂಡಿ ನೋವಿರುವ ಅಪ್ಪ ಬಿಡಲ್ಲ. ಗರ್ಭಕೋಶದ ಆಪರೇಷನ್ ಆಗಬೇಕಿರುವ ಅಮ್ಮ ಬಿಡಲ್ಲ. "ನಂಗೇನ್ ಆಗ್ತದೆ ಬಿಡಿ" ಅನ್ನುವ ಗಟ್ಟಿಮುಟ್ಟಾದ ಮಗ ಬಿಡುತ್ತಾನೆ. ಅವನು ಬಿಟ್ಟರೆ ಉಳಿಯೋದು ಖರ್ಚು ಇರುವವರು ಮಾತ್ರ. ಆಗ ತಲಾ ಖರ್ಚು ಏರುತ್ತೆ, ರೇಟು ಮತ್ತೆ ಏರಿಸಬೇಕಾಗುತ್ತೆ, ಇನ್ನಷ್ಟು ಆರೋಗ್ಯವಂತರು ಬಿಡುತ್ತಾರೆ. ವಿಮೆ ಯೋಜನೆಗಳು ಸೊರಗೋದು ಈ ಸುಳಿಯಲ್ಲಿ.

ಗುಡ್ನಾಪುರದವರಿಗೆ ಇದನ್ನು ಕೆರೆ ತೋರಿಸಿಯೇ ಹೇಳಬಹುದು. ಮಳೆಗಾಲದಲ್ಲಿ ನೀರು ಬಂದು ತುಂಬಿದರೆ ಮಾತ್ರ ಬೇಸಿಗೆಗೆ ಬಿಡಲು ನೀರಿರುತ್ತದೆ. ವಿಮೆಯಲ್ಲಿ ಒಳಹರಿವು ಅಂದರೆ ಆರೋಗ್ಯವಾಗಿರುವವರ ದುಡ್ಡು. ಕೋಡಿಯಲ್ಲಿ ನೀರು ಬೇಕಾದವರಷ್ಟೇ ಸಾಲು ನಿಂತು, ಮೇಲಿಂದ ಹಳ್ಳ ಬರದಿದ್ದರೆ ಕೆರೆ ಎಷ್ಟು ದೊಡ್ಡದಿದ್ದರೂ ಬತ್ತುತ್ತೆ.

ಇಂದಿನ ದರದಲ್ಲೇ ನೋಡಿ. ಹಳ್ಳಿಯ ಒಂದು ಕುಟುಂಬ ಕಟ್ಟುವುದು 500 ರೂ. ಒಂದು ಕುಟುಂಬಕ್ಕೆ ಸಿಗಬಹುದಾದ ಗರಿಷ್ಠ ರಕ್ಷಣೆ 5 ಲಕ್ಷ ರೂ. ಭಾಗಿಸಿದರೆ 1,000. ಅಂದರೆ ಒಂದು ಮನೆಯವರು ಪೂರ್ತಿ ಮೊತ್ತ ಬಳಸಿದರೆ ಸಾವಿರ ಮನೆಯ ವಂತಿಗೆ ಖಾಲಿ. ಉಳಿದ 999 ಮನೆಯಲ್ಲಿ ಬಹುಪಾಲು ಆ ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತದಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತೆ. ಅದೂ ಸಾಲದೆ ಸರ್ಕಾರ ಬಜೆಟ್‌ನಿಂದ ದುಡ್ಡು ಹಾಕಬೇಕಾಗುತ್ತೆ.

ಹಾಗಾಗಿ ಯುವಕರನ್ನು ಸೇರಿಸಿಕೊಳ್ಳೋದು ಯೋಜನೆ ಅವರಿಗೆ ಮಾಡುವ ಉಪಕಾರ ಅಲ್ಲ. ಯೋಜನೆಗೇ ಅವರು ಬೇಕು.

2018ರಲ್ಲಿ ಬಂದ್, 2022ರಲ್ಲಿ ವಾಪಸ್

2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಯಶಸ್ವಿನಿಯನ್ನು ಅದರೊಳಗೆ ವಿಲೀನ ಮಾಡಲಾಯಿತು. "ಎಲ್ಲರಿಗೂ ಒಂದೇ ಯೋಜನೆ" ಎಂಬ ಮಾತು ಕೇಳಲು ಚೆನ್ನಾಗಿತ್ತು. ಬಿಪಿಎಲ್‌ನವರಿಗೆ ಲಾಭವೂ ಆಯಿತು. ಆದರೆ ವರ್ಷಾ ವರ್ಷಾ ದುಡ್ಡು ಕಟ್ಟಿ ಯಶಸ್ವಿನಿಯಲ್ಲಿದ್ದ ಎಪಿಎಲ್ ರೈತ ಕುಟುಂಬ ಒಮ್ಮೆಲೇ ಶೇ. 30ರ ಸಾಲಿಗೆ ಬಿತ್ತು. ದುಡ್ಡು ಕಟ್ಟಲು ತಯಾರಿದ್ದರೂ ಕಟ್ಟಿಸಿಕೊಳ್ಳುವವರು ಇಲ್ಲ. ಕೋವಿಡ್ ಕಾಲ ಇದೇ ಸ್ಥಿತಿಯಲ್ಲಿ ಕಳೆಯಿತು.

ರೈತರು, ಸಹಕಾರಿಗಳಿಂದ ಒತ್ತಾಯ ಹೆಚ್ಚಿದ ಮೇಲೆ 2022ರ ಮಾರ್ಚ್ ಬಜೆಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 300 ಕೋಟಿ ರೂ. ಇಟ್ಟು ಯಶಸ್ವಿನಿ ಮರುಜಾರಿ ಘೋಷಿಸಿದರು. ಅದೇ ವರ್ಷ ನವೆಂಬರ್ 1ರಿಂದ ನೋಂದಣಿ, 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು.

ಮರುಜಾರಿಯಾದ ಯೋಜನೆಯ ದರ ಹೀಗಿದೆ: ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂ., ನಾಲ್ಕಕ್ಕಿಂತ ಹೆಚ್ಚಿದ್ದರೆ ತಲಾ 100 ರೂ. ಹೆಚ್ಚುವರಿ. ನಗರದಲ್ಲಿ 1,000 ರೂ., ಹೆಚ್ಚುವರಿ ಸದಸ್ಯರಿಗೆ ತಲಾ 200 ರೂ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ವಂತಿಗೆ ಸರ್ಕಾರದ್ದೇ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ, ಸಾಮಾನ್ಯ ವಾರ್ಡ್‌ನಲ್ಲಿ ನಗದುರಹಿತ ಚಿಕಿತ್ಸೆ.

ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ರೂಪಾಯಿಯೂ ಬೀಳಲ್ಲ. ಒಂದು ಚಹಾದ ದುಡ್ಡಿಗೆ ಇಡೀ ಮನೆಗೆ ವಾರವಿಡೀ ವಿಮೆ.

ಹಾಗಾದರೆ ಹೊರಗೆ ಉಳಿಯೋದು ಯಾರು?

ಒಂದು, ಸಂಘದ ಸದಸ್ಯತ್ವ ಇಲ್ಲದವರು. ತೋಟ ಅಪ್ಪನ ಹೆಸರಲ್ಲಿ, ಸೊಸೈಟಿ ಖಾತೆಯೂ ಅಪ್ಪನ ಹೆಸರಲ್ಲಿ. ಅಪ್ಪ ಸದಸ್ಯನಾಗಿದ್ದು ಪ್ರತಿ ವರ್ಷ ಕುಟುಂಬವನ್ನು ನೋಂದಾಯಿಸಿದರೆ ಮಗ ಬಚಾವ್. ಅಪ್ಪ ಮರೆತರೆ ಮಗನೂ ಹೊರಗೆ. ಇನ್ನು ಜಮೀನೇ ಇಲ್ಲದ ಮನೆಯ ಹುಡುಗರು, ಗ್ಯಾರೇಜ್ ಕೆಲಸದವರು, ಅಂಗಡಿ ಹುಡುಗರು, ಪೇಂಟರ್‌ಗಳು, ಬೇರೆ ಊರಿಂದ ಬಂದು ನೆಲೆಸಿದ ಕೂಲಿ ಕುಟುಂಬದವರು ಸೊಸೈಟಿ ಬಾಗಿಲಿಗೆ ಹೋದವರೇ ಅಲ್ಲ. ಹೊಸದಾಗಿ ಸದಸ್ಯರಾದವರಿಗೆ ಎಷ್ಟು ಅವಧಿ ಕಳೆದಿರಬೇಕು ಅನ್ನೋದೂ ಆಯಾ ವರ್ಷದ ಸುತ್ತೋಲೆಯಲ್ಲಿರುತ್ತೆ. ಹಾಗಾಗಿ ನೋಂದಣಿ ಶುರುವಾದ ಮೇಲೆ ಸದಸ್ಯತ್ವಕ್ಕೆ ಓಡಿದರೆ ತಡವಾಗಬಹುದು.

ಎರಡು, ಸಂಬಳದ ಗೆರೆ. ಕುಟುಂಬದಲ್ಲಿ ಯಾರಾದರೂ ಸರ್ಕಾರಿ ನೌಕರರಿದ್ದರೆ, ಅಥವಾ ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 30 ಸಾವಿರ ರೂ. ಇಲ್ಲವೇ ಹೆಚ್ಚು ಸಂಬಳ ಪಡೆಯುತ್ತಿದ್ದರೆ, ಅಥವಾ ಬೇರೆ ಆರೋಗ್ಯ ವಿಮೆಯಲ್ಲಿದ್ದರೆ ಯಶಸ್ವಿನಿ ಇಲ್ಲ ಎಂದು ಮರುಜಾರಿಯ ಮಾರ್ಗಸೂಚಿ ಹೇಳುತ್ತದೆ. ಶಿರಸಿ ಸೀಮೆಯಲ್ಲಿ ಮನೆಗೊಬ್ಬರು ಬೆಂಗಳೂರಲ್ಲಿದ್ದಾರೆ. ಬೆಂಗಳೂರಿನ ಬಾಡಿಗೆ, ಊಟ, ಬಸ್ಸು ಕಳೆದರೆ 30 ಸಾವಿರದಲ್ಲಿ ಉಳಿಯೋದು ಎಷ್ಟು ಅನ್ನೋದು ಅಲ್ಲಿರುವವರಿಗೇ ಗೊತ್ತು. ಆದರೆ ಆ ಒಂದು ಸಂಬಳದ ಚೀಟಿ ಊರಿನ ಮನೆಯ ಅರ್ಜಿಗೇ ಅಡ್ಡ ಬರಬಹುದು.

ಇದರ ಜತೆ ಇಎಸ್‌ಐ ಗೆರೆಯನ್ನೂ ಇಟ್ಟು ನೋಡಿ. ನೌಕರರ ರಾಜ್ಯ ವಿಮೆ ಅಂದರೆ ಇಎಸ್‌ಐ ಸಿಗೋದು ತಿಂಗಳಿಗೆ 21 ಸಾವಿರ ರೂ.ವರೆಗಿನ ಸಂಬಳದವರಿಗೆ. ಈ ಮಿತಿ 2017ರಿಂದ ಬದಲಾಗಿಲ್ಲ. ಕಂಪನಿ ತಾನಾಗಿ ಗುಂಪು ವಿಮೆ ಮಾಡಿಸದಿದ್ದರೆ, 22 ಸಾವಿರ ಸಂಬಳದ ಹುಡುಗನಿಗೆ ಇಎಸ್‌ಐ ಇಲ್ಲ. 31 ಸಾವಿರದವನಿಗೆ ಇಎಸ್‌ಐಯೂ ಇಲ್ಲ, ಯಶಸ್ವಿನಿಯೂ ಇಲ್ಲ.

ಮೂರು, ದಿನಾಂಕ. ಯಶಸ್ವಿನಿ ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ. ಸಾಮಾನ್ಯವಾಗಿ ವರ್ಷದ ಕೊನೆ ಹೊತ್ತಿಗೆ ತೆರೆಯುತ್ತೆ, ಆಮೇಲೆ ಕೊನೆಯ ದಿನ ಒಂದೆರಡು ಸಲ ಮುಂದಕ್ಕೆ ಹೋಗುತ್ತೆ. ಆ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿಯೋದು, ಒಣಗಿಸೋದು ಎಲ್ಲ ಒಟ್ಟಿಗೇ ಬಿದ್ದಿರುತ್ತೆ. "ನಾಳೆ ಹೋದರಾಯ್ತು" ಅಂದವರು ಮುಂದಿನ ವರ್ಷದವರೆಗೆ ಹೊರಗೆ.

"ನಂಗೇನ್ ಆಗ್ತದೆ" ಅನ್ನುವವರಿಗೆ

ಯುವಕರಿಗೆ ಶುಗರ್, ಬಿಪಿ ಕಡಿಮೆ ಇರಬಹುದು. ಆದರೆ ಮಲೆನಾಡಿನಲ್ಲಿ ಅಪಾಯದ ಕೆಲಸ ಎಲ್ಲ ಅವರ ಪಾಲಿಗೇ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು, ಔಷಧಿ ಹೊಡೆಯುವವರು, ಕಾಳುಮೆಣಸು ಕೊಯ್ಯಲು ಏಣಿ ಹತ್ತುವವರು ಯಾರೂ ಎಪ್ಪತ್ತು ದಾಟಿದವರಲ್ಲ. ಮಳೆಗಾಲದಲ್ಲಿ ಜಾರುವ ಮರದಿಂದ ಬಿದ್ದು ಸೊಂಟ, ಬೆನ್ನುಮೂಳೆ ಮುರಿದುಕೊಂಡವರ ಸುದ್ದಿ ಈ ಭಾಗದಲ್ಲಿ ಹೊಸದಲ್ಲ. ತೋಟದಲ್ಲಿ ಹಾವು, ಗದ್ದೆಯಲ್ಲಿ ಟಿಲ್ಲರ್, ಪಂಪ್‌ಸೆಟ್ ಬಳಿ ಕರೆಂಟು. ಹಳೆಯ ಯಶಸ್ವಿನಿಯಲ್ಲಿ ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿತ, ವಿದ್ಯುತ್ ಶಾಕ್, ಕೃಷಿ ಯಂತ್ರದ ಅಪಘಾತಗಳನ್ನು ಹೆಸರಿಸಿಯೇ ಸೇರಿಸಿದ್ದು ಇದಕ್ಕೇ. ಹೆರಿಗೆಯೂ ಅದರಲ್ಲಿತ್ತು. ಹೆರಿಗೆಯೂ ಯುವಜನರ ಖರ್ಚೇ ಅಲ್ಲವೇ? ಈಗಿನ ಪಟ್ಟಿಯಲ್ಲಿ ಯಾವ್ಯಾವುದು ಇದೆ ಎಂಬುದನ್ನು ನೋಂದಣಿ ವೇಳೆಯೇ ಕೇಳಿ ತಿಳಿದುಕೊಳ್ಳಬೇಕು.

ರಸ್ತೆ ಅಪಘಾತಕ್ಕೆ ಮಾತ್ರ ಬೇರೆ ದಾರಿ ಇದೆ. ಕೇಂದ್ರ ಸರ್ಕಾರ 2025ರ ಮೇ 5ರಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ, 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿದೆ. ಅದು ಎಪಿಎಲ್, ಬಿಪಿಎಲ್ ನೋಡಲ್ಲ. ಆದರೆ ಬೈಕಿನಿಂದ ಬಿದ್ದರೆ ಅದು, ಮರದಿಂದ ಬಿದ್ದರೆ ಅಲ್ಲ.

ಜತೆಗೆ ಜಿಲ್ಲೆಯ ಹಳೇ ನೋವು ದೂರ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿಗೆ ವರ್ಷಗಳಾದವು. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತ ಮೇಲೆ ಆ ಕೂಗು ಇನ್ನೂ ಜೋರಾಯಿತು. ಗುಡ್ನಾಪುರ, ಬನವಾಸಿ ಕಡೆಯವರಿಗೆ ಗಂಭೀರ ಕೇಸ್ ಅಂದರೆ ಶಿರಸಿ, ಅಲ್ಲಿಂದ ನೂರು ಕಿ.ಮೀ. ಆಸುಪಾಸಿನ ಹುಬ್ಬಳ್ಳಿ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಗಾಡಿ ಬಾಡಿಗೆ, ಜತೆಗೆ ಹೋದವರ ಊಟ, ರೂಮು ಇದ್ಯಾವುದಕ್ಕೂ ವಿಮೆ ಬರಲ್ಲ. ಆಸ್ಪತ್ರೆ ಬಿಲ್ಲಾದರೂ ತಪ್ಪಿದರೆ ತೋಟ ಅಡ ಇಡೋದು ತಪ್ಪೀತು.

ಗೋವಾದವರು ಮಾಡಿದ್ದು ಏನು?

ಕಾರವಾರ ದಾಟಿದರೆ ಗೋವಾ. ಅಲ್ಲಿ 2016ರಿಂದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಇದೆ. ಗೋವಾದಲ್ಲಿ ಐದು ವರ್ಷ ವಾಸವಿದ್ದವರು ಸೇರಬಹುದು. ಮೂರು ಜನರ ಕುಟುಂಬಕ್ಕೆ ವರ್ಷಕ್ಕೆ 200 ರೂ. ಕಟ್ಟಿದರೆ 2.5 ಲಕ್ಷ, ನಾಲ್ಕು ಅಥವಾ ಹೆಚ್ಚು ಜನರಿದ್ದರೆ 300 ರೂ. ಕಟ್ಟಿದರೆ 4 ಲಕ್ಷ ರೂ.ವರೆಗೆ ರಕ್ಷಣೆ. ಬಡವ, ಮಧ್ಯಮ, ಹಿರಿಯ, ಕಿರಿಯ ಅನ್ನೋ ಗೆರೆ ಇಲ್ಲ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಹೊರ ರಾಜ್ಯದವರಿಗೆ 2018ರಿಂದ ಶುಲ್ಕ ಹಾಕಲು ಶುರು ಮಾಡಿದಾಗ ಉತ್ತರ ಕನ್ನಡದ ಕರಾವಳಿಯವರಿಗೆ ಈ ಕಾರ್ಡ್‌ನ ಬೆಲೆ ಚೆನ್ನಾಗಿ ಗೊತ್ತಾಯಿತು.

ರಾಜಸ್ಥಾನದಲ್ಲಿ 2021ರಲ್ಲಿ ಬಂದ ಚಿರಂಜೀವಿ ಯೋಜನೆ ಇನ್ನೂ ನೇರ. ಬಡವರು, ಸಣ್ಣ ಮತ್ತು ಅತಿ ಸಣ್ಣ ರೈತರು, ಗುತ್ತಿಗೆ ನೌಕರರಿಗೆ ಉಚಿತ. ಉಳಿದವರು ವರ್ಷಕ್ಕೆ ಕುಟುಂಬಕ್ಕೆ 850 ರೂ. ಕಟ್ಟಿ ಅದೇ ಯೋಜನೆಗೆ ಸೇರಬಹುದು. ಸರ್ಕಾರ ಬದಲಾದ ಮೇಲೆ ಯೋಜನೆಯ ಹೆಸರು ಬದಲಾಯಿತು, ಆದರೆ ಬಡವರ ಯೋಜನೆಗೆ ಮಧ್ಯಮ ವರ್ಗವೂ ದುಡ್ಡು ಕಟ್ಟಿ ಸೇರಬಹುದು ಅನ್ನೋದನ್ನು ಆ ರಾಜ್ಯ ಮಾಡಿ ತೋರಿಸಿತು.

ದಿಲ್ಲಿಯಲ್ಲೂ ಈ ಯೋಚನೆ ಹೊಸದಲ್ಲ. ನೀತಿ ಆಯೋಗ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯಲ್ಲಿ ದೇಶದ ಸುಮಾರು ಶೇ. 30 ಜನ, ಅಂದರೆ 40 ಕೋಟಿ ಜನ, ಯಾವ ಆರೋಗ್ಯ ವಿಮೆಯೂ ಇಲ್ಲದ 'ನಡುವೆ ಬಿಟ್ಟುಹೋದವರು' ಎಂದಿತ್ತು. ಇವರಿಗಾಗಿ ಹೇಳಿದ ದಾರಿಗಳಲ್ಲಿ ಆಯುಷ್ಮಾನ್ ಅನ್ನು ಇವರಿಗೂ ವಿಸ್ತರಿಸೋದು ಒಂದು. ಸಂಸದೀಯ ಸ್ಥಾಯಿ ಸಮಿತಿ 2025ರಲ್ಲಿ ವಯ ವಂದನಾ ವಯಸ್ಸನ್ನು 70ರಿಂದ 60ಕ್ಕೆ ಇಳಿಸಿ ಎಂದು ಶಿಫಾರಸು ಮಾಡಿತು. ಅದು ಜಾರಿಯಾದರೆ ಆ ಮನೆಯ 61ರ ಅಪ್ಪನೂ ಒಳಗೆ ಬರುತ್ತಾರೆ. 54ರ ಅಮ್ಮ, 28ರ ಮಗ ಮಾತ್ರ ಅಲ್ಲೇ.

ಅಮೆರಿಕದಲ್ಲೂ ಇದೇ ಚರ್ಚೆ ದಶಕಗಳಿಂದ ನಡೀತಾ ಇದೆ. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಅದಕ್ಕಿಂತ ಚಿಕ್ಕವರು ದುಡ್ಡು ಕಟ್ಟಿ ಸೇರಲು ಬಿಡಬೇಕೆಂದು ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 1998ರಲ್ಲೇ ಹೇಳಿದ್ದರು. 2009ರಲ್ಲಿ 55 ದಾಟಿದವರಿಗೆ ಅವಕಾಶ ಕೊಡುವ ಪ್ರಸ್ತಾಪ ಸೆನೆಟ್‌ವರೆಗೆ ಹೋಗಿ ಬಿದ್ದುಹೋಯಿತು. ಅಷ್ಟು ದೊಡ್ಡ ದೇಶ ಇನ್ನೂ ಮಾತಾಡುತ್ತಿರುವುದನ್ನು ಕರ್ನಾಟಕದ ಸೊಸೈಟಿಗಳು 2003ರಲ್ಲೇ ಮಾಡಿ ನೋಡಿವೆ.

ಖಾಸಗಿ ವಿಮೆ ಸಾಕಲ್ಲವೇ?

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆಯಲಾಗಿದೆ. ಪ್ರೀಮಿಯಂ ಭಾರ ಸ್ವಲ್ಪ ಇಳಿದದ್ದು ನಿಜ. ಕಟ್ಟುವ ಶಕ್ತಿ ಇದ್ದವರು ಮಾಡಿಸೋದು ಒಳ್ಳೆಯದೇ. ಆದರೆ ಅಲ್ಲಿ ವಯಸ್ಸು ಏರಿದಂತೆ ಪ್ರೀಮಿಯಂ ಏರುತ್ತೆ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಅಡಿಕೆ ದರ ಬಿದ್ದ ವರ್ಷ, ಕೊಳೆ ರೋಗ ಬಂದ ವರ್ಷ ಮನೆಯಲ್ಲಿ ಮೊದಲು ನಿಲ್ಲೋದು ವಿಮೆ ಕಂತೇ. 500 ರೂಪಾಯಿಯ ಯೋಜನೆಯ ಬಲ ಇರೋದು ಇಲ್ಲಿ. ಕೆಟ್ಟ ವರ್ಷದಲ್ಲೂ ಅಷ್ಟನ್ನು ಕಟ್ಟಬಹುದು.

ಹಾಗಂತ ಯಶಸ್ವಿನಿಯಲ್ಲಿ ತೊಂದರೆ ಇಲ್ಲ ಅಂತಲ್ಲ. ದರಪಟ್ಟಿ ಕಡಿಮೆ ಎಂದು ದೊಡ್ಡ ಆಸ್ಪತ್ರೆಗಳು ಹಿಂದೆ ಸರಿದರೆ ಕಾರ್ಡ್ ಇದ್ದೂ ಉಪಯೋಗವಿಲ್ಲ. ದರ ಏರಿಸಿದರೆ ಸರ್ಕಾರದ ಖರ್ಚು ಏರುತ್ತೆ. ಎಲ್ಲರಿಗೂ ಯಾವಾಗ ಬೇಕಾದರೂ ಬಾಗಿಲು ತೆರೆದಿಟ್ಟರೆ ಕಾಯಿಲೆ ಬಂದ ಮೇಲೆ ಸೇರುವವರೇ ಹೆಚ್ಚಾಗುತ್ತಾರೆ. ನೋಂದಣಿಗೆ ಅವಧಿ, ಸದಸ್ಯತ್ವಕ್ಕೆ ಷರತ್ತು ಇಟ್ಟಿರೋದರ ಹಿಂದೆ ಈ ಕಾರಣವೂ ಇದೆ. ಆದರೆ ಆರೋಗ್ಯವಾಗಿರುವಾಗಲೇ ದುಡ್ಡು ಕಟ್ಟುತ್ತೇನೆ ಎಂದು ಬರುವ 28ರ ಹುಡುಗನನ್ನು ಸಂಘದ ಷೇರು ಇಲ್ಲ, ಅಣ್ಣನ ಸಂಬಳ ಜಾಸ್ತಿ ಎಂದು ವಾಪಸ್ ಕಳಿಸಿದರೆ ನಷ್ಟ ಅವನೊಬ್ಬನದ್ದಲ್ಲ. ಅವನ 500 ರೂಪಾಯಿ ಇಲ್ಲದ ಯೋಜನೆಗೂ ನಷ್ಟವೇ.

ಸಂಬಳದ ಮಿತಿಯನ್ನು ಇಡೀ ಮನೆಗೆ ಅಲ್ಲ, ಆ ಒಬ್ಬರಿಗೆ ಮಾತ್ರ ಲೆಕ್ಕ ಹಿಡಿಯೋದು, ಷೇರು ಇಲ್ಲದ ಯುವಕರಿಗೆ ಗ್ರಾಮ ಪಂಚಾಯತಿ ಮೂಲಕ ಸೇರಲು ಬಿಡೋದು, ಹೆಚ್ಚು ಆದಾಯದವರಿಂದ ಹೆಚ್ಚು ವಂತಿಗೆ ಪಡೆಯೋದು ಇವೆಲ್ಲ ಮಾಡಬಹುದಾದ ಬದಲಾವಣೆಗಳು. ಗೋವಾ, ರಾಜಸ್ಥಾನದ ಉದಾಹರಣೆ ಕಣ್ಣೆದುರಿಗೇ ಇದೆ.

ಈಗಲೇ ಏನು ಮಾಡಬಹುದು?

- ಮನೆಯಲ್ಲಿ ಯಾರು ಯಾವ ಸಹಕಾರ ಸಂಘದ ಸದಸ್ಯರು ಎಂದು ಮೊದಲು ನೋಡಿ. ವ್ಯವಸಾಯ ಸೇವಾ ಸಹಕಾರಿ ಸಂಘವೇ ಆಗಬೇಕೆಂದಿಲ್ಲ, ಹಾಲು ಉತ್ಪಾದಕರ ಸಂಘದ ಸದಸ್ಯತ್ವವೂ ಲೆಕ್ಕಕ್ಕೆ ಬರುತ್ತೆ. ಸ್ವಸಹಾಯ ಸಂಘದಲ್ಲಿರುವ ಮಹಿಳೆಯರು ತಮ್ಮ ಗುಂಪು ಸೊಸೈಟಿ ಅಥವಾ ಸಹಕಾರಿ ಬ್ಯಾಂಕ್ ಜತೆ ಜೋಡಣೆ ಆಗಿದೆಯೇ ಎಂದು ಕೇಳಲಿ.

- 18 ತುಂಬಿದ ಮಕ್ಕಳಿಗೆ ಅವರದೇ ಹೆಸರಲ್ಲಿ ಸದಸ್ಯತ್ವ ಮಾಡಿಸಿಡಿ. ನೋಂದಣಿ ಶುರುವಾಗುವವರೆಗೆ ಕಾಯಬೇಡಿ.

- ನೋಂದಣಿಯ ಕೊನೆಯ ದಿನ, ಹೊಸ ಸದಸ್ಯರ ಷರತ್ತು, ಕುಟುಂಬದ ಲೆಕ್ಕಕ್ಕೆ ಯಾರ್ಯಾರು ಬರುತ್ತಾರೆ ಎಂಬುದನ್ನು ಸೊಸೈಟಿ ಕಾರ್ಯದರ್ಶಿಯವರ ಹತ್ತಿರವೇ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಹಳೇ ಮೆಸೇಜ್ ನಂಬಬೇಡಿ.

- ಪಡಿತರ ಚೀಟಿ, ಎಲ್ಲರ ಆಧಾರ್, ಫೋಟೊ, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ ಸಿದ್ಧ ಇಟ್ಟುಕೊಳ್ಳಿ. ಹೆಸರು ಒಂದೊಂದು ಕಡೆ ಒಂದೊಂದು ಥರ ಇದ್ದರೆ ಈಗಲೇ ಸರಿ ಮಾಡಿಸಿ.

- ದುಡ್ಡು ಕಟ್ಟಿದ ರಶೀದಿ ಪಡೆದು ಜೋಪಾನ ಮಾಡಿ. ಕಾರ್ಡ್‌ನಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಇದೆಯೇ ನೋಡಿ.

- ಆಸ್ಪತ್ರೆಗೆ ಹೊರಡುವ ಮೊದಲು ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ, ಆ ಚಿಕಿತ್ಸೆ ಅದರಲ್ಲಿದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ದಾಖಲಾದ ಕೂಡಲೇ ಕಾರ್ಡ್ ತೋರಿಸಿ, ಬಿಲ್ ಆದ ಮೇಲಲ್ಲ.

- ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಕಾರ್ಡ್ ಮಾಡಿಸಿಕೊಂಡಿದ್ದಾರೆಯೇ ನೋಡಿಕೊಳ್ಳಿ. ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ಆ ನಾಲ್ಕು ಜನರ ಮನೆಯಲ್ಲಿ ಅಪ್ಪ ಸೊಸೈಟಿ ಸದಸ್ಯ ಅಂತಿಟ್ಟುಕೊಳ್ಳಿ. ಮುಂದಿನ ನೋಂದಣಿಯಲ್ಲಿ 500 ರೂ. ಕಟ್ಟಿದರೆ ನಾಲ್ವರೂ ಒಳಗೆ. ಕಟ್ಟದಿದ್ದರೆ ಮನೆಯಲ್ಲಿ ಎಲ್ಲರಿಗಿಂತ ಎತ್ತರದ ಮರ ಹತ್ತುವವನ ಕೈಯಲ್ಲಿ ಉಳಿಯೋದು ಶೇ. 30ರ ಕಾರ್ಡ್ ಮಾತ್ರ.